ನನ್ನ ತಲೆಯ ಮೇಲಿನ ಪ್ರಾಮಿಸ್‌ಗಳು

ಆಸ್ಟಿನ್ ಪಕ್ಕದ ಫ್ಲೂಗರ್‌ವಿಲ್ಲಿನ ನಮ್ಮ ಬಾಡಿಗೆ ಮನೆಯಲ್ಲಿ ಐದು ಕೋಣೆಗಳಿದ್ದರೂ ನಾವು ಬಾಳಿದ್ದು ಒಂದೂವರೆ ಕೋಣೆಯಲ್ಲಿ. ಅಡುಗೆಮನೆ ಒಂದು, ಅದಕ್ಕೆ ಅಂಟಿಕೊಂಡ ಊಟದ ಜಾಗ ಅರ್ಧ. ಮುಂಬಾಗಿಲು ತೆರೆದ ಕೂಡಲೇ ಎದುರಾಗುತ್ತಿದ್ದ ದೊಡ್ಡ ಹಾಲ್‌ನಲ್ಲಿ ಸೋಫಾ ಇರಲಿಲ್ಲ, ಟಿವಿ ಇರಲಿಲ್ಲ, ಗೋಡೆಯ ಮೇಲೆ ಒಂದು ಮೊಳೆಯೂ ಇರಲಿಲ್ಲ. ಪ್ರತಿ ಶನಿವಾರ ಬೆಳಿಗ್ಗೆ ಕಾಫಿ ಕುಡಿಯುತ್ತಾ ಅಪ್ಪ, "ಇವತ್ತು ಸೋಫಾ ನೋಡ್ಕೊಂಡು ಬರೋಣ್ವಾ?" ಎನ್ನುವರು. ಅಮ್ಮ ಒಲೆಯ ಕಡೆಗೆ ಮುಖ ಮಾಡಿಕೊಂಡೇ, "ಏನವಸರ ಈಗ?" ಎನ್ನುವಳು. ಹೀಗೆ ಒಂದೂವರೆ ವರ್ಷ ಕಳೆದಿತ್ತು. ಮೈಸೂರಿನಲ್ಲಿ ಎರಡನೇ ಕ್ಲಾಸು ಮುಗಿಸಿ ಬಂದಿದ್ದ ನಾನು ಆ ಖಾಲಿ ಹಾಲ್‌ನಲ್ಲಿ ಸೈಕಲ್ ಹೊಡೆಯುತ್ತಿದ್ದೆ. ಸೋಫಾ ಬಂದರೆ ಸೈಕಲ್ ಗ್ಯಾರೇಜು ಸೇರಬೇಕಾಗುತ್ತದೆ ಎಂಬುದೊಂದೇ ನನ್ನ ಚಿಂತೆ. ಅಮ್ಮನಿಗೆ ಅವಸರ ಯಾಕಿಲ್ಲ ಎಂದು ಕೇಳಬೇಕೆಂದು ನನಗೂ ತೋಚಲಿಲ್ಲ, ಅಪ್ಪನಿಗೂ ತೋಚಲಿಲ್ಲ.

ಅಪ್ಪ ವಾರದ ದಿನಗಳಲ್ಲಿ ಮನೆಯಲ್ಲಿ ಇರುತ್ತಿರಲಿಲ್ಲ. ಆಸ್ಟಿನ್ನಿನ ಪ್ರಾಜೆಕ್ಟ್ ಮುಗಿದ ಮೇಲೆ ಅವರನ್ನು ಡಲ್ಲಾಸ್ ಪಕ್ಕದ ಲಾಸ್ ಕೊಲಿನಾಸ್‌ಗೆ ಹಾಕಿದ್ದರು. ಸೋಮವಾರ ನಾನು ಏಳುವ ಮೊದಲೇ ಹೊರಟರೆ ಮತ್ತೆ ಬರುತ್ತಿದ್ದದ್ದು ಶುಕ್ರವಾರ ಸಂಜೆ. ಮೂರು ಗಂಟೆಯ ದಾರಿ. ವೇಕೋ ಹತ್ತಿರ ರಸ್ತೆ ಅಗೆದಿದ್ದರೆ ನಾಲ್ಕು. ಭಾನುವಾರ ಸಂಜೆ ಅಮ್ಮ ಅವರಿಗೆ ಡಬ್ಬಿ ತುಂಬುತ್ತಿದ್ದಳು: ಚಟ್ನಿಪುಡಿ, ಪುಳಿಯೋಗರೆ ಗೊಜ್ಜು, ಎರಡು ದಿನಕ್ಕಾಗುವಷ್ಟು ಹುಳಿ. ಮುಚ್ಚಳದ ಮೇಲೆ ಟೇಪ್ ಅಂಟಿಸಿ 'ಸೋಮ', 'ಮಂಗಳ' ಎಂದು ಬರೆಯುತ್ತಿದ್ದಳು. ಶುಕ್ರವಾರ ಆ ಡಬ್ಬಿಗಳು ತೊಳೆಯದೆ, ಹಳಸಿದ ವಾಸನೆ ಹೊತ್ತು ವಾಪಸಾಗುತ್ತಿದ್ದವು, ಅದಕ್ಕೊಂದು ಜಗಳವಾಗುತ್ತಿತ್ತು. ಜಗಳ ಶುರುವಾಗುವ ಮುಂಚೆ ಅಮ್ಮ ಒಲೆಯ ಮೇಲಿನ ಫ್ಯಾನನ್ನು ಜೋರಾಗಿ ಹಾಕುತ್ತಿದ್ದಳು, ನನಗೆ ಕೇಳಿಸಬಾರದೆಂದು. ಹಾಗಾಗಿ ಫ್ಯಾನಿನ ಸದ್ದು ಕೇಳಿದರೆ ಸಾಕು, ನಾನು ಎಲ್ಲಿದ್ದರೂ ಓಡಿಬಂದು ಬಾಗಿಲ ಮರೆಯಲ್ಲಿ ನಿಲ್ಲುತ್ತಿದ್ದೆ. ನಾನು ಮಹಾ ಪುಕ್ಕಲಿ. ಸ್ಕೂಲ್ ಬಸ್ ತಪ್ಪೀತು, ಒಗ್ಗರಣೆಯ ಹೊಗೆಗೆ ಅಲಾರಂ ಕೂಗಿಕೊಂಡು ಪೊಲೀಸರು ಬಂದಾರು, ಅಪ್ಪನ ಕಾರು ದಾರಿಯಲ್ಲಿ ಕೆಟ್ಟು ನಿಂತೀತು, ಇವೇ ನನ್ನ ದಿನಚರಿ.

ಅಮ್ಮ ಮೈಸೂರಿನಲ್ಲಿ ಹೈಸ್ಕೂಲಿನ ಇಂಗ್ಲಿಷ್ ಟೀಚರ್ ಆಗಿದ್ದವಳು. ಎರಡು ವರ್ಷ ಸಂಬಳವಿಲ್ಲದ ರಜೆ ಹಾಕಿ ಬಂದಿದ್ದಳು. ಇಲ್ಲಿ ಅವಳ ವೀಸಾದಲ್ಲಿ ಕೆಲಸ ಮಾಡುವಂತಿರಲಿಲ್ಲ. ಐವತ್ತು ಮಕ್ಕಳನ್ನು ಒಂದೇ ಗದರಿಕೆಗೆ ಕೂರಿಸುತ್ತಿದ್ದ ಗಂಟಲು ಈಗ ಇಡೀ ದಿನ ಸುಮ್ಮನಿರಬೇಕು. ಹೀಗಿರುವಾಗ ಸ್ಕೂಲ್ ಬಸ್ ನಿಲ್ಲುವ ಮೂಲೆಯಲ್ಲಿ ಅವಳಿಗೆ ಲಿನ್ ಅಜ್ಜಿ ಸಿಕ್ಕರು. ಚೀನಾದಿಂದ ಬಂದು ಎರಡು ಮನೆಯಾಚೆ ಮಗನೊಂದಿಗಿದ್ದವರು. ಮೊಮ್ಮಗನನ್ನು ಬಸ್ ಹತ್ತಿಸಲು ಬರುತ್ತಿದ್ದರು. ಅವರಿಗೆ ಸಿಟಿಜನ್‌ಶಿಪ್ ಇಂಟರ್ವ್ಯೂ ಹತ್ತಿರ ಬರುತ್ತಿತ್ತು, ಇಂಗ್ಲಿಷ್ ಬರುತ್ತಿರಲಿಲ್ಲ. ಅಮ್ಮನೇ ಮೇಲೆ ಬಿದ್ದು, ಹೇಳಿಕೊಡುತ್ತೇನೆ ಬನ್ನಿ ಎಂದಳು. ಮೊದಲ ದಿನವೇ ಅವರು ತಮ್ಮೂರಿನ ಕಡೆಯ ಚೆನ್ ಎಂಬುವರನ್ನೂ ಕರೆತಂದರು. ಚೆನ್ ಅಂಕಲ್ ಹೋಟೆಲೊಂದರ ಅಡುಗೆಮನೆಯಲ್ಲಿ ಕೆಲಸ ಮಾಡುತ್ತಿದ್ದವರು, ಇಂಗ್ಲಿಷನ್ನು ಮುರುಕಲು ಮುರುಕಲಾಗಿ ಆಡುತ್ತಿದ್ದರು. ಮಂಗಳವಾರ, ಗುರುವಾರ, ಸಂಜೆ ನಾಲ್ಕರಿಂದ ಐದೂವರೆ. ಅಪ್ಪನಿಗೆ ಇದರಲ್ಲೂ ಹೆದರಿಕೆ.

"ಯಾರಾದ್ರೂ ನೋಡಿ ಇದೂ ಕೆಲಸಾನೇ ಅಂದ್ರೆ?"

"ಫ್ರೀಯಾಗಿ ಹೇಳ್ಕೊಡೋದು ಯಾವ ಕೆಲಸಾರೀ?"

"ಅಜ್ಜಿ ಸೊಪ್ಪು ತಂದ್ಕೊಡ್ತಾರೆ ಅಂದ್ಯಲ್ಲ."

"ಸೊಪ್ಪು ತಿಂದಿದ್ದಕ್ಕೆ ಯಾರೂ ಫ್ಲೈಟ್ ಹತ್ಸಿ ಕಳಿಸಲ್ಲ, ಊಟ ಮಾಡಿ" ಎಂದು ಅಮ್ಮ ನಕ್ಕಳು. ಪಾಠ ಶುರುವಾದ ಮೇಲೆ ಅವಳು ಹಾಗೆ ನಗತೊಡಗಿದ್ದಳು. ನನಗೆ ಅದು ಎಷ್ಟು ಹಿತವಾಗಿತ್ತೆಂದರೆ, ಮುಂದೆ ನಡೆದದ್ದನ್ನು ಬಾಯಿಬಿಟ್ಟು ಹೇಳದೆ ಉಳಿದದ್ದಕ್ಕೆ ಆ ನಗುವೂ ಒಂದು ಕಾರಣ.

ಅಮ್ಮನ ಕ್ರಮ ಹೀಗೆ: ವಾರಕ್ಕೆ ಒಂದೇ ನಾಮಪದ. ದಿನಬಳಕೆಯದು, ಎಲ್ಲರಿಗೂ ಗೊತ್ತಿದೆ ಅನ್ನಿಸುವಂಥದು. ಅದನ್ನು ಎಲ್ಲೆಲ್ಲಿ ಬಳಸುತ್ತಾರೆ, ಅದರ ಹಿಂದೆ ಮುಂದೆ ಏನು ಬರುತ್ತದೆ, ಯಾವುದು ಬರುವುದಿಲ್ಲ ಎಂದು ಮೂವತ್ತು ವಾಕ್ಯಗಳಲ್ಲಿ ಅರೆದು ಕುಡಿಸುವುದು. 'ಹೌಸ್' ಆಯಿತು, 'ಟೈಮ್' ಆಯಿತು, 'ಟ್ರಬಲ್' ಆಯಿತು. ಚಳಿಗಾಲದ ರಜೆ ಮುಗಿದ ವಾರ 'ಪ್ರಾಮಿಸ್' ಬಂತು. ಅದು ಒಂದು ವಾರದಲ್ಲಿ ಮುಗಿಯಲಿಲ್ಲ, ಎರಡೂವರೆ ತಿಂಗಳು ನಡೆಯಿತು. ಇಂಟರ್ವ್ಯೂನಲ್ಲಿ 'ಓತ್' ಎಂದರೇನು ಎಂದು ಕೇಳಿದರೆ 'ಎ ಪ್ರಾಮಿಸ್' ಎನ್ನಬೇಕು, ಪ್ರಾಮಿಸ್ ಎಂದರೇನು ಎಂದು ಮುಂದಿನ ಪ್ರಶ್ನೆ ಬಂದರೆ ಲಿನ್ ಅಜ್ಜಿ ಬಾಯಿ ಬಿಡಬೇಕಲ್ಲ. ಅಜ್ಜಿ 'ಡು ಪ್ರಾಮಿಸ್' ಎನ್ನುತ್ತಿದ್ದರು, ಚೆನ್ ಅಂಕಲ್ 'ಗಿವ್ ಪ್ರಾಮಿಸ್'. ಅಮ್ಮ ಮೇಜು ತಟ್ಟಿ, ಇಂಗ್ಲಿಷಿನವರು ಅದನ್ನು 'ಮೇಕ್' ಮಾಡುತ್ತಾರೆ, ಆಮೇಲೆ 'ಕೀಪ್' ಮಾಡುತ್ತಾರೆ, ಆಗದಿದ್ದರೆ 'ಬ್ರೇಕ್' ಮಾಡುತ್ತಾರೆ, ಮುಂದೆ 'ಎ' ಸೇರಿಸುವುದನ್ನು ಮರೆಯಬೇಡಿ ಎಂದು ಹೇಳಿದ್ದನ್ನೇ ಹೇಳುವಳು. ಇಬ್ಬರೂ ತಲೆಯಾಡಿಸಿ, ಪುಸ್ತಕದಲ್ಲಿ ತಮ್ಮ ಲಿಪಿಯಲ್ಲಿ ಏನೋ ಬರೆದುಕೊಂಡು, ಮತ್ತೆ 'ಡು ಪ್ರಾಮಿಸ್' ಎನ್ನುವರು. ಅದೂ ಒಂದು ದಾರಿಗೆ ಬಂತು. ಬಾರದೆ ಉಳಿದದ್ದು ಅರ್ಥ.

"ಐ ವಿಲ್ ಕಮ್. ಐ ಪ್ರಾಮಿಸ್ ಟು ಕಮ್. ಸೇಮ್, ಟೀಚರ್?" ಎಂದು ಲಿನ್ ಅಜ್ಜಿ ಕೇಳಿದರು.

ಸೇಮ್ ಅಲ್ಲ ಎಂದು ಅಮ್ಮ ಹತ್ತು ನಿಮಿಷ ಹೆಣಗಾಡಿದಳು. ಎದೆ ಮುಟ್ಟಿ ತೋರಿಸಿದಳು, ಕೈಗೆ ಕೈ ಹೊಡೆದು ತೋರಿಸಿದಳು. ಅಜ್ಜಿಯ ಮುಖದಲ್ಲಿ ಏನೂ ಹೊಳೆಯಲಿಲ್ಲ. ನಾನು ಅದೇ ಮೇಜಿನ ತುದಿಯಲ್ಲಿ ಕೂತು ಗುಣಾಕಾರ ಮಾಡುತ್ತಿದ್ದೆ. ಅಮ್ಮ ನನ್ನತ್ತ ಬಾಗಿ ತನ್ನ ಬಲಗೈಯನ್ನು ನನ್ನ ನೆತ್ತಿಯ ಮೇಲೆ ಒತ್ತಿ ಇಟ್ಟಳು. ಬಳೆ ನನ್ನ ಹಣೆಗೆ ತಾಗಿ ತಣ್ಣಗೆನಿಸಿತು.

"ನಮ್ಮ ದೇಶದಲ್ಲಿ ಹೀಗೆ" ಎಂದು ಇಂಗ್ಲಿಷಿನಲ್ಲಿ ಹೇಳಿದಳು. "ನನ್ನ ಮಗಳ ತಲೆಯ ಮೇಲೆ ಕೈ ಇಟ್ಟು ಹೇಳುತ್ತೇನೆ. ಗುರುವಾರ ನಿಮಗೆ ಕೊತ್ತಂಬರಿ ಸೊಪ್ಪು ತಂದುಕೊಡುತ್ತೇನೆ. ಇದು ಪ್ರಾಮಿಸ್."

"ಆ!" ಎಂದು ಲಿನ್ ಅಜ್ಜಿ ಎದೆಯ ಮೇಲೆ ಕೈ ಇಟ್ಟುಕೊಂಡರು. ಚೆನ್ ಅಂಕಲ್ ಪೆನ್ನು ಕೆಳಗಿಟ್ಟು ನನ್ನನ್ನೇ ನೋಡಿದರು. ಐದು ವಾರದಲ್ಲಿ ಒಬ್ಬರಿಗೂ ತಿಳಿಯದಿದ್ದದ್ದು ಒಂದು ಗಳಿಗೆಯಲ್ಲಿ ತಿಳಿಯುತ್ತದೆಂದರೆ ಯಾವ ಟೀಚರ್ ಬಿಟ್ಟಾಳು? ಅಂದು ಸಂಜೆ ಅಮ್ಮ ಫೋನಿನಲ್ಲಿ ಅಪ್ಪನಿಗೆ ಇದನ್ನೇ ಮೂರು ಸಲ ಹೇಳಿದಳು. ಅಲ್ಲಿಂದಾಚೆಗೆ ವಾಕ್ಯಕ್ಕೊಂದು ಸಲ ಅವಳ ಕೈ ನನ್ನ ತಲೆಯ ಮೇಲೆ ಬರತೊಡಗಿತು.

ನನಗೆ ಆ ಕೈಯ ಅರ್ಥ ಅದಾಗಲೇ ಗೊತ್ತಿತ್ತು, ಲಿನ್ ಅಜ್ಜಿಗಿಂತ ಚೆನ್ನಾಗಿಯೇ. ಹೂಸ್ಟನ್ ಪಕ್ಕದ ಸ್ಟಾಫರ್ಡ್‌ನಲ್ಲಿ ನನ್ನ ದೊಡ್ಡಮ್ಮ ಇದ್ದರು. ತಿಂಗಳಿಗೊಮ್ಮೆ ಅಕ್ಕಿ ಬೇಳೆ ತರಲು ಅಲ್ಲಿಗೆ ಹೋದಾಗ ಅವರ ಮನೆಯಲ್ಲೇ ಊಟ. ಆ ದೀಪಾವಳಿಗೆ ಹೋದಾಗ, ಅವರ ಮಗ ಲಡ್ಡು ತಿಂದಿಲ್ಲವೆಂದು ಸುಳ್ಳು ಹೇಳಿ ತಂಗಿಯ ತಲೆ ಮುಟ್ಟಲು ಹೊರಟದ್ದಕ್ಕೆ ದೊಡ್ಡಮ್ಮ ಅವನ ಬೆನ್ನಿಗೊಂದು ಬಿಟ್ಟರು. ಆಮೇಲೆ ಹುರುಳಿಕಾಯಿ ಮುರಿಯುತ್ತಾ ನಮ್ಮನ್ನೆಲ್ಲ ಕೂರಿಸಿಕೊಂಡು ಹೇಳಿದರು.

"ನಾವು ಚಿಕ್ಕವರಿದ್ದಾಗ ನಮ್ಮ ಬೀದೀಲಿ ಒಬ್ಬಳಿದ್ದಳು. ಬಳೆ ಕದ್ದು, ಕದ್ದಿಲ್ಲ ಅಂತ ಮಗನ ತಲೆ ಮೇಲೆ ಕೈ ಇಟ್ಟು ಆಣೆ ಮಾಡಿದ್ಳು. ಮುಂದಿನ ವಾರಕ್ಕೆ ಆ ಮಗು ಇಲ್ಲ."

"ಎಲ್ಲಿಗೆ ಹೋಯ್ತು?" ಎಂದೆ ನಾನು.

"ಎಲ್ಲಿಗೂ ಹೋಗ್ಲಿಲ್ಲ. ಸತ್ತೋಯ್ತು. ಆಣೆ ತಪ್ಪಿದ್ರೆ ಮಾಡ್ದೋರಿಗೇನೂ ಆಗಲ್ಲ ಪುಟ್ಟಿ, ಯಾರ ತಲೆ ಮುಟ್ಟಿದ್ರೋ ಅವರಿಗೇ."

ಅಮ್ಮ ಪಾಠಕ್ಕಾಗಿ ಆಡಿದ ಮಾತು ಬರೀ ಉದಾಹರಣೆ ಎಂದು ನನಗೆ ಯಾರೂ ಹೇಳಲಿಲ್ಲ. ಹೇಳಿದ್ದರೂ ನಂಬುತ್ತಿದ್ದೆನೆಂದು ತೋರುವುದಿಲ್ಲ. ಕೈ ನಿಜವಾದದ್ದು, ತಲೆ ನಿಜವಾದದ್ದು, 'ಐ ಪ್ರಾಮಿಸ್' ಎಂದು ಬಾಯಿಬಿಟ್ಟು ಹೇಳಿಯೂ ಆಗಿತ್ತು. ನಾನು ಗಣಿತದ ಪುಸ್ತಕದ ಕೊನೆಯ ಹಾಳೆಗಳಲ್ಲಿ ಪಟ್ಟಿ ಶುರುಮಾಡಿದೆ. ಇಂಗ್ಲಿಷ್ ವಾಕ್ಯಗಳನ್ನು ಕನ್ನಡದಲ್ಲಿ ಬರೆದುಕೊಳ್ಳುತ್ತಿದ್ದೆ, ಸ್ಕೂಲಿನಲ್ಲಿ ಯಾರೂ ಓದಬಾರದೆಂದು. ಒಂದು, ಗುರುವಾರ ಕೊತ್ತಂಬರಿ ಸೊಪ್ಪು. ಎರಡು, ಗ್ಯಾರೇಜು ಗುಡಿಸುತ್ತೇನೆ. ಮೂರು, ಈ ತಿಂಗಳು ಸಕ್ಕರೆ ಕಡಿಮೆ ಮಾಡುತ್ತೇನೆ. ನಾಲ್ಕು, ಚೆನ್‌ಗೆ ದೋಸೆ ಮಾಡಿಕೊಡುತ್ತೇನೆ. ಅಮ್ಮ ಹೇಳಿ ಮರೆಯುತ್ತಿದ್ದಳು. ಮರೆಯುವ ಹಾಗಿಲ್ಲದವಳು ನಾನು.

ಕೊತ್ತಂಬರಿ ಸುಲಭವಾಗಿತ್ತು, ಬುಧವಾರದಿಂದ ನೆನಪಿಸಿ ನೆನಪಿಸಿ ಅಂಗಡಿಗೆ ಕರೆದುಕೊಂಡು ಹೋದೆ. ಗ್ಯಾರೇಜನ್ನು ಒಬ್ಬಳೇ ಗುಡಿಸಿದೆ. ಆದರೆ 'ಗುಡಿಸುತ್ತೇನೆ' ಎಂದವಳು ಅಮ್ಮ, ಗುಡಿಸಿದವಳು ನಾನು, ಇದು ನಡೆಯುತ್ತದೋ ಇಲ್ಲವೋ ಎಂದು ಸಂಶಯ ಬಂದು, ಪೊರಕೆಯನ್ನು ಅಮ್ಮನ ಕೈಗೆ ಕೊಟ್ಟು ಕೊನೆಯ ಮೂಲೆಯನ್ನು ಅವಳಿಂದಲೇ ಗುಡಿಸಿಸಿದೆ. ಸಕ್ಕರೆಯ ಡಬ್ಬಿಯನ್ನು ಕಪಾಟಿನ ಮೇಲಿನ ಅರೆಗೆ, ಹಿಟ್ಟಿನ ಹಿಂದೆ ಬಚ್ಚಿಟ್ಟೆ. ಅಮ್ಮ ಮೂರು ದಿನ ಅದನ್ನು ಹುಡುಕಿ, ತನಗೇ ಮರೆವು ಬಂತೆಂದು ಹಣೆ ಚಚ್ಚಿಕೊಂಡಳು. ಎಲ್ಲಕ್ಕಿಂತ ಘೋರವಾದದ್ದು ಮಳೆಯದು. ಮಾಡಲಾಗದ ಪ್ರಾಮಿಸ್ ಯಾವುದೆಂದು ತೋರಿಸಲು ಅಮ್ಮ ನನ್ನ ತಲೆ ಮುಟ್ಟಿ, "ನಾಳೆ ಮಳೆ ಬರುವುದಿಲ್ಲವೆಂದು ಪ್ರಾಮಿಸ್ ಮಾಡುತ್ತೇನೆ" ಎಂದಳು. ಇದು ತಪ್ಪು, ಇದನ್ನು ಯಾರೂ ಮಾಡಲಾಗದು, ಯಾಕೆಂದರೆ ಮಳೆ ನಮ್ಮ ಕೈಯಲ್ಲಿಲ್ಲ ಎಂದು ವಿವರಿಸುವಾಗಲೂ ಅವಳ ಕೈ ಅಲ್ಲೇ ಇತ್ತು. ಮರುದಿನ ಕ್ಲಾಸಿನ ಕಿಟಕಿಯಾಚೆ ಬೆಳಗಿನಿಂದ ಮೋಡ. ಅದನ್ನು ನೋಡಲಾರದೆ ನಾನು ನರ್ಸ್ ಕೋಣೆಗೆ ಹೋಗಿ ಮಲಗಿದೆ. ಸಂಜೆ ಬಸ್ಸಿನ ಗಾಜಿನ ಮೇಲೆ ಏಳು ಹನಿ ಬಿದ್ದವು. ಏಳು ಹನಿಯನ್ನು ಮಳೆ ಎನ್ನಲಾಗದು ಎಂದು ನನಗೆ ನಾನೇ ತೀರ್ಪು ಕೊಟ್ಟುಕೊಂಡೆ. ಆದರೂ ಒಂದು ವಾರ, ದೊಡ್ಡಮ್ಮ ಹೇಳಿದ್ದ ಆ ವಾಯಿದೆ ಮುಗಿಯುವವರೆಗೂ, ಪ್ರತಿ ಬೆಳಿಗ್ಗೆ ಕಣ್ಣು ಬಿಟ್ಟಾಗ ಬದುಕಿದ್ದೇನೆ ಎಂದು ಖಾತ್ರಿ ಮಾಡಿಕೊಂಡೇ ಹಲ್ಲುಜ್ಜುತ್ತಿದ್ದೆ.

ತಲೆ ಬಾಚಿಸಿಕೊಳ್ಳುವುದೂ ಕಷ್ಟವಾಯಿತು. ಅಮ್ಮನ ಎರಡೂ ಕೈ ತಲೆಯ ಮೇಲಿರುವಾಗ ಅವಳ ಬಾಯಿಂದ ಏನು ಉದುರುತ್ತದೋ ಯಾರಿಗೆ ಗೊತ್ತು?

"ಅಮ್ಮ, ಜಡೆ ಹಾಕುವಾಗ ಮಾತಾಡ್ಬೇಡ."

"ಯಾಕೇ?"

"ಸುಮ್ನೆ. ಮಾತಾಡ್ಬೇಡ ಅಷ್ಟೆ."

"ಇದೊಂದು ಬಾಕಿ ಇತ್ತು ನೋಡು. ಹೊರಗೆ ಮಾತಾಡೋಕೆ ಜನ ಇಲ್ಲ, ಒಳಗೆ ನೀನೂ ಬಾಯಿ ಮುಚ್ಚು ಅಂತೀಯ." ನಗುತ್ತಲೇ ಅಂದಳು. ಬಾಚಣಿಗೆ ಮಾತ್ರ ಸ್ವಲ್ಪ ಬಿರುಸಾಗಿ ಎಳೆಯಿತು.

ನನ್ನ ಅವಸ್ಥೆ ಸಾಲದೆಂಬಂತೆ ಲಿನ್ ಅಜ್ಜಿ ಒಂದು ದಿನ ಇನ್ನೊಂದು ವಿಷಯ ತೆಗೆದರು. ಅವರು ತಮ್ಮ ಭಾಷೆಯಲ್ಲಿ ಹೇಳಿದ್ದನ್ನು ಚೆನ್ ಅಂಕಲ್ ಇಂಗ್ಲಿಷಿಗೆ ತಂದರು: ಯಾರಾದರೂ ಹೆಸರು ಹಿಡಿದು ಕರೆದಾಗ ಓಗೊಡುತ್ತೇವಲ್ಲ, ನಮ್ಮಲ್ಲಿ ಅದಕ್ಕೂ ಒಪ್ಪಿ ಮಾತು ಕೊಡುವುದಕ್ಕೂ ಒಂದೇ ಶಬ್ದ. ಅಮ್ಮನಿಗೆ ಇದು ಬಹಳ ಹಿಡಿಸಿತು. ಕರೆದಾಗ ಓ ಎಂದರೆ ಅರ್ಧ ಮಾತು ಕೊಟ್ಟ ಹಾಗೆಯೇ ಎಂದು ತಾನೇ ತಲೆದೂಗಿದಳು. ಅವತ್ತಿನಿಂದ ಅಮ್ಮ ಒಳಗಿನಿಂದ ಕೂಗಿದರೆ ನಾನು ಓಗೊಡುವುದನ್ನು ಬಿಟ್ಟು, ಎದ್ದು ಹೋಗಿ ಮುಂದೆ ನಿಲ್ಲುತ್ತಿದ್ದೆ. "ಕರೆದ್ರೆ ಓ ಅನ್ನೋಕೇನೇ ನಿಂಗೆ?" ಎಂದು ಬೈಸಿಕೊಂಡೆ. ಈಗ ನಲವತ್ತರ ಹತ್ತಿರ ಬಂದು, ಆಸ್ಟಿನ್ನಿನಲ್ಲೇ ಕೆಲಸದಲ್ಲಿರುವಾಗಲೂ ನನ್ನ ಬಾಯಿಂದ ನೆಟ್ಟಗೆ 'ಆಯ್ತು' ಎಂಬ ಮಾತು ಬರುವುದಿಲ್ಲ. 'ನೋಡೋಣ' ಎನ್ನುತ್ತೇನೆ. ಕೊಬ್ಬು ಎಂದು ಕೆಲವರು ತಿಳಿದಿದ್ದಾರೆ. ಕೊಬ್ಬಲ್ಲ, ಹೆದರಿಕೆ.

ನಾಲ್ಕೈದು ವಾರ ಕಳೆದು ಅಮ್ಮ ಆ ಪದದ ಇನ್ನೊಂದು ಅರ್ಥಕ್ಕೆ ಬಂದಳು. ಯಾರೂ ಯಾರಿಗೂ ಕೊಡದ ಪ್ರಾಮಿಸ್ ಒಂದಿದೆ, ಒಬ್ಬರನ್ನು ನೋಡಿದರೆ ಇವರು ಮುಂದೆ ಏನೋ ಸಾಧಿಸುತ್ತಾರೆ ಎಂದು ಕಾಣುತ್ತದಲ್ಲ, ಅದು. ಹೇಳಿದರೆ ಅರ್ಥವಾಗಲಿಲ್ಲವೆಂದು ಒಳಗಿನಿಂದ ತನ್ನ ಫೈಲು ತಂದಳು. ಅವಳು ಕೆಲಸಕ್ಕೆ ಸೇರಿದ ಹೊಸದರಲ್ಲಿ ಹೆಡ್‌ಮೇಡಂ ಬರೆದುಕೊಟ್ಟಿದ್ದ ಪತ್ರ ಅದರಲ್ಲಿತ್ತು. 'ಎ ಟೀಚರ್ ಆಫ್ ಗ್ರೇಟ್ ಪ್ರಾಮಿಸ್' ಎಂಬ ಸಾಲಿನ ಮೇಲೆ ಬೆರಳಿಟ್ಟು ಓದಿದಳು. ಚೆನ್ ಅಂಕಲ್ ಅಮ್ಮನನ್ನು ತೋರಿಸಿ, "ಯೂ?" ಎಂದರು. ಅಮ್ಮ ಕೆಂಪಾಗಿ ಹೌದೆಂದಳು. ಲಿನ್ ಅಜ್ಜಿ ಪತ್ರವನ್ನು ನೋಡಿದರು, ಅಮ್ಮನನ್ನು ನೋಡಿದರು, ಬಾಗಿಲಾಚೆ ಕಾಣುತ್ತಿದ್ದ ನಮ್ಮ ಖಾಲಿ ಹಾಲ್ ನೋಡಿದರು.

"ನೌ?" ಎಂದರು.

ಕೇಳಿದ್ದರಲ್ಲಿ ಕುಚೋದ್ಯವೇನೂ ಇರಲಿಲ್ಲ. ಪದದ ಬಳಕೆ ಕಲಿಯುತ್ತಿದ್ದ ಮುದುಕಿ, ಮುಂದಿನದನ್ನು ಕೇಳಿದರು ಅಷ್ಟೆ. ಅಮ್ಮ ಪತ್ರವನ್ನು ಫೈಲಿಗೆ ಸೇರಿಸಲು ಬಹಳ ಹೊತ್ತು ತೆಗೆದುಕೊಂಡಳು. ಆ ದಿನದ ಪಾಠ ಐದಕ್ಕೇ ಮುಗಿಯಿತು. ಫೈಲು ಮಾತ್ರ ಒಳಗೆ ಹೋಗಲಿಲ್ಲ, ಅಡುಗೆಮನೆಯಲ್ಲಿ ಫೋನಿನ ಪಕ್ಕದಲ್ಲೇ ಕೂತಿತು.

ಮುಂದಿನ ಗುರುವಾರ ಅಮ್ಮ ಮತ್ತೆ ಮೊದಲಿನ ಅರ್ಥಕ್ಕೇ ಮರಳಿದಳು. ವೇಳೆ ಸೇರಿಸಿ ವಾಕ್ಯ ಮಾಡುವುದನ್ನು ತೋರಿಸಬೇಕಿತ್ತು. ಅವಳ ಮನಸ್ಸು ಪಾಠದ ಮೇಲಿರಲಿಲ್ಲ. ಬಾಯಿಗೆ ಬಂದದ್ದನ್ನು ಹೇಳಿದಳು. ನನ್ನ ತಲೆಯ ಮೇಲೆ ಕೈ ಇಟ್ಟು, "ನಾಳೆ ಸರಿಯಾಗಿ ಏಳು ಗಂಟೆಗೆ ನನ್ನ ಗಂಡ ಮನೆಗೆ ಬರುತ್ತಾರೆ. ಐ ಪ್ರಾಮಿಸ್" ಎಂದಳು.

ನನ್ನ ಜೀವ ಹಾರಿಹೋಯಿತು. ಅಪ್ಪ ಏಳಕ್ಕೆ ಬಂದದ್ದು ನನಗೆ ನೆನಪೇ ಇರಲಿಲ್ಲ. ಏಳೂವರೆ, ಏಳು ಮುಕ್ಕಾಲು, ವೇಕೋದಲ್ಲಿ ಸಿಕ್ಕಿಹಾಕಿಕೊಂಡರೆ ಎಂಟೂವರೆ. ಫೋನ್ ಮಾಡಿ ಬೇಗ ಬನ್ನಿ ಎನ್ನೋಣವೆಂದರೆ, ಅವರು ಜೋರಾಗಿ ಓಡಿಸಿ ಏನಾದರೂ ಮಾಡಿಕೊಂಡರೆ? ಸ್ಕೂಲಿನಲ್ಲಿ ದಿನವಿಡೀ ಯೋಚಿಸಿ ಕೊನೆಗೆ ಒಂದು ದಾರಿ ಕಂಡುಕೊಂಡೆ. ಶುಕ್ರವಾರ ಮಧ್ಯಾಹ್ನ ಅಮ್ಮ ಹಿತ್ತಿಲಲ್ಲಿ ಬಟ್ಟೆ ಒಣಹಾಕುತ್ತಿದ್ದಾಗ ಕುರ್ಚಿ ಹತ್ತಿ ಅಡುಗೆಮನೆಯ ಗೋಡೆ ಗಡಿಯಾರವನ್ನು ಮುಕ್ಕಾಲು ಗಂಟೆ ಹಿಂದಕ್ಕೆ ತಿರುಗಿಸಿದೆ. ಒಲೆಯ ಗಡಿಯಾರವನ್ನೂ, ಮೈಕ್ರೋವೇವಿನದನ್ನೂ ಹಾಗೇ ಮಾಡಿದೆ. ಆಗ ಎಲ್ಲರ ಕೈಯಲ್ಲೂ ಫೋನ್ ಇರುತ್ತಿರಲಿಲ್ಲ, ಅಮ್ಮ ಮನೆಯಲ್ಲಿ ವಾಚು ಕಟ್ಟುತ್ತಿರಲಿಲ್ಲ. ಅಪ್ಪ ಏಳು ಮುಕ್ಕಾಲಿಗೆ ಬಂದರೆ ನಮ್ಮ ಮನೆಯಲ್ಲಿ ಆಗ ಏಳೇ. ಆಣೆಯನ್ನು ನೋಡಿಕೊಳ್ಳುವ ದೇವರು ನಮ್ಮ ಗೋಡೆಯ ಗಡಿಯಾರ ನೋಡುತ್ತಾನೋ, ಅವನದ್ದೇ ಬೇರೆ ಇದೆಯೋ ಎಂಬುದೊಂದು ಮಾತ್ರ ಗೊತ್ತಾಗಲಿಲ್ಲ.

ಸಂಜೆ ಅಮ್ಮ ಗಡಿಯಾರ ನೋಡಿ ನೋಡಿ ಓಡಾಡುತ್ತಿದ್ದಳು. ಹುಳಿ ಕುದಿಸಿ ಇಳಿಸಿದಳು, ದೇವರ ಮುಂದೆ ದೀಪ ಹಚ್ಚಿದಳು. ಗೋಡೆಯಲ್ಲಿ ಆರೂವರೆ ಆದಾಗ ನನ್ನನ್ನು ಹಾಲ್‌ಗೆ ಆಡಲು ಕಳಿಸಿ, ಒಲೆಯ ಮೇಲೆ ಏನೂ ಇಲ್ಲದಿದ್ದರೂ ಫ್ಯಾನ್ ಜೋರಾಗಿ ಹಾಕಿದಳು. ಅಪ್ಪನಿಲ್ಲದೆ ಯಾರ ಜೊತೆ ಜಗಳ ಎಂದುಕೊಂಡು ನಾನು ಸೈಕಲ್ ಬಿಟ್ಟು ಬಾಗಿಲ ಮರೆಗೆ ಬಂದೆ. ಅಮ್ಮ ನನಗೆ ಬೆನ್ನು ಮಾಡಿ, ಫೈಲು ತೆರೆದಿಟ್ಟುಕೊಂಡು ಫೋನಿನಲ್ಲಿ ಮಾತಾಡುತ್ತಿದ್ದಳು. ಮೈಸೂರಿನಲ್ಲಿ ಆಗಷ್ಟೇ ಬೆಳಗಾಗಿರುವ ಹೊತ್ತು. ಅಪ್ಪ ಬರುವ ಮುಂಚೆ ಮುಗಿಸಬೇಕೆಂದು ಅವಳು ಗೊತ್ತುಮಾಡಿಕೊಂಡಿದ್ದ ವೇಳೆ ಅದು ಎಂದು ನನಗೆ ತಿಳಿದದ್ದು ಆಮೇಲೆ. ಅಂದು, ಅಂದೇ, ವೇಕೋ ರಸ್ತೆ ಖಾಲಿಯಿತ್ತಂತೆ. ಮುಂಬಾಗಿಲು ತೆರೆಯಿತು. ಅಪ್ಪ ಬ್ಯಾಗ್ ಹೆಗಲಿಗೇರಿಸಿಕೊಂಡು ಖಾಲಿ ಹಾಲ್ ದಾಟಿ, ನನ್ನ ಕೆನ್ನೆ ಚಿವುಟಿ, ಅಡುಗೆಮನೆಯ ಬಾಗಿಲಲ್ಲಿ ನಿಂತರು. ಫ್ಯಾನಿನ ಸದ್ದಿನಲ್ಲಿ ಅಮ್ಮನಿಗೆ ಏನೂ ಕೇಳಿಸಲಿಲ್ಲ.

"ಹೂಂ ಮೇಡಂ, ಜೂನ್ ಒಂದಕ್ಕೆ ಬಂದು ಸೇರ್ಕೋತೀನಿ ಅಂತಾನೇ ಇಟ್ಕೊಳ್ಳಿ... ಇಲ್ಲ ಮೇಡಂ, ಮನೇಲಿ ಇನ್ನೂ ಹೇಳಿಲ್ಲ."

ಅವಳು ಫೋನ್ ಇಡುವವರೆಗೂ ಅಪ್ಪ ಕಾದರು.

"ಮನೇಲಿ ಏನು ಹೇಳಿಲ್ಲ, ಶಾರದಾ?"

ಅಮ್ಮ ಗಕ್ಕನೆ ತಿರುಗಿ, ಮೊದಲು ಅಪ್ಪನನ್ನಲ್ಲ, ಗೋಡೆಯನ್ನು ನೋಡಿದಳು. "ಇನ್ನೂ ಆರು ಮುಕ್ಕಾಲು..." ಎಂದಳು.

"ಏಳೂವರೆ ಆಯ್ತು" ಎಂದು ಅಪ್ಪ ವಾಚು ನೋಡಿಕೊಂಡರು. ಇಬ್ಬರೂ ಮೂರು ಗಡಿಯಾರಗಳನ್ನೂ ನೋಡಿ, ಆಮೇಲೆ ನನ್ನ ಕಡೆ ನೋಡಿದರು. ನಾನು ಅಪ್ಪನ ಹಿಂದೆಯೇ ಒಳಗೆ ಬಂದು ಕುರ್ಚಿಯ ಹಿಂಬದಿ ಹಿಡಿದು ನಿಂತಿದ್ದೆ. ಆಣೆ ತಪ್ಪಿತ್ತು, ಅದರ ಮೇಲೆ ಇನ್ನೇನೋ ಅನಾಹುತವನ್ನೂ ನಾನೇ ತಂದಿಟ್ಟಿದ್ದೆ. ಆದರೆ ಅವರಿಬ್ಬರಿಗೂ ನನ್ನನ್ನು ವಿಚಾರಿಸುವ ವ್ಯವಧಾನ ಇರಲಿಲ್ಲ.

"ವಾಪಸ್ ಹೋಗ್ತೀಯಾ?"

"ರಜೆ ಮುಗಿಯತ್ತಲ್ಲ, ಸುಮ್ನೆ ಕೇಳಿ ಇಟ್ಕೊಂಡೆ ಅಷ್ಟೆ. ಕೈ ಕಾಲು ತೊಳ್ಕೊಂಡ್ ಬನ್ನಿ, ಊಟಕ್ಕೆ ಹಾಕ್ತೀನಿ."

"ಸುಮ್ನೆ ಕೇಳೋರು ಡೇಟ್ ಹೇಳ್ತಾರಾ? ನಾನು ಅಲ್ಲಿ ಒಬ್ನೇ ಸಾಯ್ತಿರೋದು ಯಾರಿಗೋಸ್ಕರ?"

"ಹೋಗಲ್ಲ ಅಂದ್ನಲ್ಲ."

"ಎಲ್ಲಂದೆ?"

"ಈಗ ಅಂತಿದೀನಿ. ಹೋಗಲ್ಲ. ಸಾಕಾ?"

"ಹಾಗಾದ್ರೆ ಇವಳ ತಲೆ ಮೇಲೆ ಕೈ ಇಟ್ಟು ಹೇಳು."

"ಏನ್ರೀ ಇದು?"

"ಯಾಕೆ? ವಾರಕ್ಕೆರಡು ದಿನ ಅವರ ಮುಂದೆ ಇಡ್ತೀಯಲ್ಲ. ನನ್ನ ಮುಂದೆ ಒಂದ್ಸಲ ಇಡು."

ಅಪ್ಪ ಅಂಥ ಮಾತಾಡುವವರಲ್ಲ. ಆಣೆ ಭಾಷೆ ಎಂದರೆ ನಗುತ್ತಿದ್ದವರು. ಅಂದು ಅವರ ಮುಖದಲ್ಲಿ ನಗು ಇರಲಿಲ್ಲ, ಕಾಲಲ್ಲಿ ಇನ್ನೂ ಶೂ ಇತ್ತು. ಅಮ್ಮ ಒಲೆಯ ಹತ್ತಿರದಿಂದ ನನ್ನ ಬಳಿಗೆ ಬಂದಳು. ಬಲಗೈ ಎತ್ತಿದಳು. ಇಂಗಿನ ವಾಸನೆ ಬಂತು. ನಾನು ಕಣ್ಣು ಮುಚ್ಚಿ, ಕತ್ತು ಒಳಗೆಳೆದುಕೊಂಡು ಕಾದೆ. ಕೈ ಬರಲಿಲ್ಲ. ಕಣ್ಣು ತೆರೆದು ಮೇಲೆ ನೋಡಿದರೆ ಅದು ನನ್ನ ನೆತ್ತಿಯಿಂದ ನಾಲ್ಕು ಬೆರಳು ಮೇಲೆ ನಿಂತಿತ್ತು. ಆಮೇಲೆ ಅಮ್ಮ ಅದನ್ನು ಹಿಂದಕ್ಕೆ ತೆಗೆದುಕೊಂಡು ವೇಲಿನ ತುದಿಯಲ್ಲಿ ಒರೆಸಿಕೊಂಡಳು, ಒದ್ದೆಯಾಗಿರದಿದ್ದರೂ.

ಆಗ ನನಗೆ ಎಲ್ಲ ಒಟ್ಟಿಗೆ ಅರ್ಥವಾಯಿತು. ಕೊತ್ತಂಬರಿ, ಗ್ಯಾರೇಜು, ಮಳೆ, ಏಳು ಗಂಟೆ, ಅವು ಯಾವುವೂ ಆಣೆಗಳಾಗಿರಲಿಲ್ಲ. ಆಣೆ ಎಂದರೆ ಇದು, ಅಮ್ಮನೂ ಹೆದರುವಂಥದು. ನಾನು ಸಾಯುವುದಿಲ್ಲ. ಅಮ್ಮ ಹೋಗುತ್ತಾಳೆ. ಆರು ವಾರ ಹೊತ್ತುಕೊಂಡಿದ್ದ ಹೆದರಿಕೆ ಇಳಿದು ಹೋದದ್ದು ನನಗೆ ತಿಳಿಯಲೂ ಇಲ್ಲ, ಅದಕ್ಕಿಂತ ದೊಡ್ಡದು ಅಷ್ಟು ಬೇಗ ಅದರ ಜಾಗಕ್ಕೆ ಬಂದು ಕೂತಿತು. ನಾನು ಅಮ್ಮನ ಕೈಯನ್ನು ಎರಡೂ ಕೈಯಲ್ಲಿ ಹಿಡಿದು ನನ್ನ ತಲೆಯ ಕಡೆಗೆ ಎಳೆದೆ.

"ಇಡಮ್ಮ. ಹೋಗಲ್ಲ ಅಂತ ಹೇಳು. ನಂಗೇನಾದ್ರೂ ಪರವಾಗಿಲ್ಲ."

ಅಮ್ಮ ಕಾದ ಬಾಣಲೆ ಮುಟ್ಟಿದವಳಂತೆ ಕೈ ಕಿತ್ತುಕೊಂಡಳು. "ಬೇಡ ಕಂದಾ. ಬೇಡ ಬೇಡ" ಎನ್ನುತ್ತಾ ನನ್ನನ್ನು ಸೊಂಟಕ್ಕೆ ಅವುಚಿಕೊಂಡಳು, ತಲೆಯನ್ನು ಮಾತ್ರ ಮುಟ್ಟದೆ. ಅಪ್ಪ ಹೆಗಲ ಬ್ಯಾಗನ್ನು ನೆಲಕ್ಕೆ ಬಿಟ್ಟು, ಹೋಗಿ ಫ್ಯಾನ್ ಆರಿಸಿದರು. ಅವರು ಲಿನ್ ಅಜ್ಜಿ ಕೂರುತ್ತಿದ್ದ ಕುರ್ಚಿಯನ್ನು ಎಳೆದು, ಅದರಲ್ಲಿ ಕುಳಿತು, ಶೂ ಬಿಚ್ಚುತ್ತಾ ಕೇಳಿದರು.

"ಯಾವಾಗಿಂದ ಅನ್ಸ್ತಿದೆ, ಹೋಗ್ಬೇಕು ಅಂತ?"

"ಏರ್‌ಪೋರ್ಟಲ್ಲಿ ಇಳಿದಾಗಿಂದ" ಎಂದಳು ಅಮ್ಮ.